ತಿದ್ದುಗಾರನ ಕೈಪಿಡಿ

ಫೆಬ್ರವರಿ 4

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ನಾನೇ ಕಾಗದ ಬರೆದಿದ್ದೇನೆಂದು ಆಶ್ಚರ್ಯಪಡಬೇಡಿ. ಫೋನಿನಲ್ಲೇ ಕೇಳೋಣವೆಂದುಕೊಂಡಿದ್ದೆ. "ಕೆಲಸದ ಮಾತು ಅವಳು ಫೋನಲ್ಲಿ ಆಡಲ್ಲ ಕಣೋ, ಬರೆದು ಕಳಿಸು" ಎಂದ ಅಣ್ಣ. ನೀವು ಬದಲಾಗಿಲ್ಲವೆಂದು ತಿಳಿದು ಸಂತೋಷವಾಯಿತು.

ವಿಷಯ ಇಷ್ಟು. ನಾನು ಕೆಲಸ ಮಾಡುವ ಅಂಗಡಿ ನಿಮಗೆ ಗೊತ್ತು. ಕಾರ್ಡು ಸಂಗ್ರಹಿಸುವವರು ಬಂದು ತಮ್ಮ ತಮ್ಮಲ್ಲಿ ಬದಲಾಯಿಸಿಕೊಳ್ಳುವ ಜಾಗ ಅದು. ಇಸ್ಪೀಟೆಲೆಯಷ್ಟು ಗಾತ್ರದ ಕಾರ್ಡು, ಮೇಲೆ ಆಟಗಾರನದೋ ರಾಕ್ಷಸನದೋ ಚಿತ್ರ. ಮಕ್ಕಳಾಟ ಎಂದು ನಗಬೇಡಿ, ಬರುವವರೆಲ್ಲ ದೊಡ್ಡ ದೊಡ್ಡ ಮನುಷ್ಯರು. ಯಾವ ಕಾರ್ಡನ್ನು ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಅದು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೆಲ್ಲ ಕೌಂಟರಿನವರು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಕೌಂಟರಿನವರ ಬುದ್ಧಿಯೋ, ಕೇಳಲೇಬೇಡಿ. ಕೊಟ್ಟವನ ಜಾಗದಲ್ಲಿ ತೆಗೆದುಕೊಂಡವನನ್ನು ಕೂರಿಸುತ್ತಾರೆ. ಅಂಥ ತಪ್ಪುಗಳನ್ನು ಸರಿಮಾಡಲು ನಾನೊಂದು ಸಾಫ್ಟ್‌ವೇರ್ ಕಟ್ಟಿದ್ದೇನೆ. ಹೆಸರು 'ತಿದ್ದುಗಾರ'. ಪೂರ್ತಿ ನಾನೊಬ್ಬನೇ ಮಾಡಿದ್ದು. ಇದಕ್ಕೊಂದು ಕೈಪಿಡಿ ಸಿದ್ಧವಾದರೆ ಏಪ್ರಿಲ್‌ನಲ್ಲಿ ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದಾರೆ.

ನಾಲ್ಕು ಪುಟ ನಾನೇ ಬರೆದು ಜೊತೆಗಿಟ್ಟಿದ್ದೇನೆ. ಹೊಲಿಗೆ ಯಂತ್ರಕ್ಕೂ ಗೀಸರಿಗೂ ಕೈಪಿಡಿ ಬರೆದ ನಿಮಗೆ ಇದು ಎಡಗೈ ಕೆಲಸ. ಭಾಷೆ ಸ್ವಲ್ಪ ನೋಡಿ ಉದ್ದ ಮಾಡಿಕೊಟ್ಟರೆ ಸಾಕು. ಅದನ್ನು ಓದುವವರು ಯಾರು ಅತ್ತಿಗೆ, ಯಜಮಾನರ ಮೇಜಿನ ಮೇಲೆ ದಪ್ಪಗೆ ಕಾಣಬೇಕು ಅಷ್ಟೆ.

ನಿಮ್ಮ ಮೈದುನ


ಫೆಬ್ರವರಿ 10

ಚಿರಂಜೀವಿ ಮೈದುನನಿಗೆ ಆಶೀರ್ವಾದಗಳು.

ನಿನ್ನ ನಾಲ್ಕು ಪುಟ ಓದಿದೆ. ಓದಿದೆ ಎನ್ನುವುದು ದೊಡ್ಡ ಮಾತಾಯಿತು, ಹಾದುಬಂದೆ. ಮೊದಲ ವಾಕ್ಯವೇ "ಬಳಕೆದಾರನು ಸಂಬಂಧಿತ ಕ್ಷೇತ್ರವನ್ನು ಸೂಕ್ತವಾಗಿ ಪರಿಷ್ಕರಿಸತಕ್ಕದ್ದು" ಎಂದಿದೆ. ಸೂಕ್ತ ಯಾವುದೆಂದು ಮೊದಲೇ ಗೊತ್ತಿದ್ದವನಿಗೆ ಕೈಪಿಡಿ ಯಾಕಪ್ಪ ಬೇಕು? ನಾನು ಏನು ಬರೆದರೂ ಮೊದಲು ಎದುರುಮನೆ ದರ್ಜಿಗೆ ಓದಿ ಹೇಳುತ್ತೇನೆ. ಅವಳಿಗೆ ಅರ್ಥವಾದರೆ ಲೋಕಕ್ಕೆ ಅರ್ಥವಾದಂತೆ. ನಿನ್ನ ಪುಟವನ್ನೂ ಓದಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಇದು ಯಾರಾದ್ರೂ ಸತ್ತಾಗ ಓದೋದಾ ಅಕ್ಕ?" ಎಂದಳು.

ಓದುವವರು ಯಾರು ಎಂದು ಕೇಳಿದ್ದೀಯ. ಓದುವವರಿಗಾಗಿ ಬರೆಯದಿದ್ದರೆ ಯಾರೂ ಓದುವುದಿಲ್ಲ, ಅದರಲ್ಲೇನಿದೆ ಆಶ್ಚರ್ಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಎಂಜಿನಿಯರುಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ನಾಲ್ಕನೆಯ ಕಾಲನ್ನು ಹುಡುಕಿ ಬರೆಯುವುದೇ ನನ್ನ ಉದ್ಯೋಗ.

ಬರೆದುಕೊಡುತ್ತೇನೆ, ಆದರೆ ನನ್ನ ಕ್ರಮದಲ್ಲಿ. ನನ್ನ ಕೈ ಮಾಡದ ಕೆಲಸವನ್ನು ನಾನು ಬರೆಯುವುದಿಲ್ಲ. ಗೀಸರಿನ ಕೈಪಿಡಿ ಬರೆಯುವಾಗ ಒಂದೊಂದು ಭಾಗವನ್ನೂ ಬಿಚ್ಚಿ ಜೋಡಿಸಿದ್ದೆ. ಆ ವಾರವೆಲ್ಲ ನಿಮ್ಮಣ್ಣ ತಣ್ಣೀರು ಸ್ನಾನ ಮಾಡಿದರು, ಬೇಕಾದರೆ ಕೇಳು. ಆದ್ದರಿಂದ ಅಂಗಡಿಯ ನಿಜವಾದ ದಾಖಲೆಗೆ ತಾಗದಂಥ ಒಂದು ಅಭ್ಯಾಸದ ಪ್ರತಿ ನನಗೆ ಬೇಕು. ಅದರಲ್ಲಿ ಎಲ್ಲವನ್ನೂ ಒತ್ತಿ, ಕೆಡಿಸಿ, ಸರಿಮಾಡಿ ನೋಡಿದ ಮೇಲೆ ಬರೆಯುತ್ತೇನೆ.

ಮೀಸೆ ಬಂದ ಗಂಡಸರು ರಾಕ್ಷಸರ ಚಿತ್ರ ಅದಲುಬದಲು ಮಾಡುತ್ತಾರೆಂದು ನಿಮ್ಮಣ್ಣನಿಗೆ ಹೇಳಿದೆ. "ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣದ ಚಿತ್ರ ಇತ್ತಲ್ಲ" ಎಂದರು. "ಆಗ ನಿಮಗೆ ಎಂಟು ವರ್ಷ" ಎಂದೆ.

ನಿನ್ನ ಅತ್ತಿಗೆ


ಫೆಬ್ರವರಿ 25

ಪ್ರೀತಿಯ ಅತ್ತಿಗೆಗೆ,

ಉತ್ತರ ತಡವಾಯಿತು, ಮನ್ನಿಸಿ. ಯಜಮಾನರು ದಿನಕ್ಕೆರಡು ಸಲ ಕೈಪಿಡಿ ಎಲ್ಲಿಗೆ ಬಂತೆಂದು ಕೇಳುತ್ತಾರೆ.

ಅಭ್ಯಾಸದ ಪ್ರತಿ ಕೇಳಿದ್ದಿರಿ. ಒಳಗೆ ಹೋಗುವ ವಿಳಾಸ, ಗುಪ್ತಪದ ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ನಿಮಗಾಗಿ ಹೊಸ ಗುರುತು ಮಾಡಲು ಪುರುಸೊತ್ತಾಗಲಿಲ್ಲ. ಮೂರನೇ ಕೌಂಟರಿನವಳ ಗುರುತಿನಲ್ಲೇ ಹೋಗಿ, ಏನೂ ತೊಂದರೆಯಿಲ್ಲ. ಸುಮ್ಮನೆ ಒಂದು ಸಲ ನೋಡಿಕೊಂಡರೆ ನಿಮ್ಮಂಥವರಿಗೆ ಸಾಕಾಗುತ್ತದೆ.

ಬೇಗ ಕಳಿಸಿಕೊಡಿ. ನನ್ನ ಏಪ್ರಿಲ್ ನಿಮ್ಮ ಕೈಯಲ್ಲಿದೆ.

ನಿಮ್ಮ ಮೈದುನ


ಮಾರ್ಚ್ 6

ಚಿರಂಜೀವಿ ಮೈದುನನಿಗೆ,

ಚೀಟಿಯಲ್ಲಿದ್ದಂತೆ ಒಳಗೆ ಹೋದೆ. ಒಂದು ಮಾತು ಹೇಳಲೇಬೇಕು, ನಿನ್ನ ಅಭ್ಯಾಸದ ಪ್ರತಿ ಬಹಳ ಚೆನ್ನಾಗಿದೆ. ನೂರಾರು ಗಿರಾಕಿಗಳ ಹೆಸರು, ವಿಳಾಸ, ಯಾವ ಕಾರ್ಡಿನ ಮೂಲೆ ಸವೆದಿದೆ, ಯಾವುದರ ಬೆನ್ನಿಗೆ ಶಾಯಿ ತಗುಲಿದೆ, ಎಲ್ಲವನ್ನೂ ಕೂತು ಕಟ್ಟಿದ್ದೀಯ. ನಿನಗೆ ಇಷ್ಟು ಕಲ್ಪನೆಯಿದೆಯೆಂದು ಗೊತ್ತಿರಲಿಲ್ಲ. ನಾನು ಈ ಮನೆಗೆ ಬಂದಾಗ ನೀನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಲೆಕ್ಕ ಮಾಡದಿದ್ದುದಕ್ಕೆ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ ನಿನಗೆ.

ಹೊಗಳಿಕೆ ಅಲ್ಲಿಗೆ ಮುಗಿಯಿತು. ಇನ್ನು ನಿನ್ನ ತಿದ್ದುಗಾರನ ಯೋಗ್ಯತೆ ಕೇಳು.

ನನ್ನ ಪ್ರತಿ ಕೈಪಿಡಿಯಲ್ಲೂ ಒಬ್ಬನಿರುತ್ತಾನೆ. ಹೇಳಿದ್ದನ್ನು ಬಿಟ್ಟು ಉಳಿದುದನ್ನೆಲ್ಲ ಮಾಡುವವನು, ಬೇಡವೆಂದ ಗುಂಡಿಯನ್ನೇ ಒತ್ತುವವನು. ಅಚ್ಚಿಗೆ ಹೋಗುವಾಗ ಅವನಿಗೆ 'ಗ್ರಾಹಕ' ಎಂಬ ಮರ್ಯಾದೆಯ ಹೆಸರು ಸಿಗುತ್ತದೆ. ನನ್ನ ಕರಡಿನಲ್ಲಿ ಅವನು ಬೆಪ್ಪುತಕ್ಕಡಿ. ಅವನನ್ನೇ ಕರೆದುಕೊಂಡು ಎರಡು ದಿನ ನಿನ್ನ ದಾಖಲೆಗಳಲ್ಲಿ ಓಡಾಡಿದೆ. ಒಂದರಲ್ಲಿ ಕಾರ್ಡು ಕೊಟ್ಟವರ ಹೆಸರು ಅಳಿಸಿ ಬೆಪ್ಪುತಕ್ಕಡಿ ಎಂದು ಹಾಕಿ 'ಸರಿ' ಒತ್ತಿದೆ. ಇನ್ನೊಂದರಲ್ಲಿ ತೆಗೆದುಕೊಂಡವರ ಹೆಸರಿಗೂ ಅದನ್ನೇ ಮಾಡಿದೆ. ಸ್ಥಿತಿ ಎಂಬಲ್ಲಿ 'ಇಲಿ ಕಡಿದಿದೆ' ಎಂದು ಬರೆದೆ. ಎಲ್ಲದಕ್ಕೂ ನಿನ್ನ ತಿದ್ದುಗಾರ ತಲೆಯಾಡಿಸಿದ. ಒಂದು ಸಲವಾದರೂ "ಏನಮ್ಮ ಇದು, ನಿಜವೇನಮ್ಮ?" ಎಂದು ಕೇಳಬಾರದೆ? ಬೀದಿಯ ಬಸವನೂ ಒಮ್ಮೊಮ್ಮೆ ಅಡ್ಡ ತಲೆಯಾಡಿಸುತ್ತಾನೆ.

ಈಗ ಪ್ರಶ್ನೆಗಳು, ಬರೆದು ಉತ್ತರಿಸು. 'ಸರಿ' ಒತ್ತಿದ ಕೂಡಲೇ ಹಳೆಯ ಹೆಸರು ಮಾಯವಾಗುತ್ತದೆ, ಅದನ್ನು ವಾಪಸು ತರುವ ದಾರಿ ಯಾವುದು? ನನಗಂತೂ ಕಾಣಲಿಲ್ಲ. ಇಲ್ಲವಾದರೆ ಇದು ತಿದ್ದುವುದಲ್ಲ, ನುಂಗುವುದು. ಇನ್ನೊಂದು, ಪ್ರತಿ ಸಲವೂ ಕೆಳಗೆ 'ಗಿರಾಕಿಗೆ ಸಂದೇಶ ಹೋಗಿದೆ' ಎಂದು ಬರುತ್ತದೆ. ಅಭ್ಯಾಸದ ಪ್ರತಿಯಲ್ಲಿ ಸಂದೇಶ ಹೋಗುವುದು ಯಾರಿಗೆ ಮಾರಾಯ, ಗಾಳಿಗೋ?

ಮೊದಲ ಮೂರು ಅಧ್ಯಾಯ ಜೊತೆಗಿವೆ. ದರ್ಜಿ ಒಂದು ಕಡೆಯೂ ತಡವರಿಸಲಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ 20

ಪ್ರೀತಿಯ ಅತ್ತಿಗೆಗೆ,

ಅಧ್ಯಾಯಗಳು ತಲುಪಿದವು, ಅದ್ಭುತವಾಗಿವೆ. ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರೆಯುತ್ತೇನೆ. ಸದ್ಯಕ್ಕೆ ಅಭ್ಯಾಸದ ಪ್ರತಿಯನ್ನು ಮುಚ್ಚಿದ್ದೇನೆ. ಏನೋ ರಿಪೇರಿ. ದಯವಿಟ್ಟು ಒಳಗೆ ಹೋಗಲು ಪ್ರಯತ್ನಿಸಬೇಡಿ, ನೋಡಿದ್ದು ಸಾಕು.

ಹೊಸದಾಗಿ ಒಂದು ಅಧ್ಯಾಯ ಸೇರಿಸಬೇಕಂತೆ, ಯಜಮಾನರ ಅಪ್ಪಣೆ. ಇಲ್ಲಿ ಕೌಂಟರಿನವಳೊಬ್ಬಳು ದಾಖಲೆಗಳಲ್ಲಿ ಗಿರಾಕಿಗಳನ್ನು ಹೀನಾಯವಾಗಿ ಗೇಲಿ ಮಾಡಿದಳೆಂದು ದೊಡ್ಡ ಗಲಾಟೆಯಾಯಿತು. ಹೆಸರುವಾಸಿ ಸಂಗ್ರಾಹಕರೊಬ್ಬರು ನೇರ ಬಂದು ಮೇಜು ಕುಟ್ಟಿದರು. ಅವಳನ್ನು ತೆಗೆದುಹಾಕಿದ್ದಾಯಿತು. ಇಂಥವರಿಗೆ ಏನು ಗತಿಯೆಂದು ಕೈಪಿಡಿಯಲ್ಲಿ ಖಾರವಾಗಿ ಬರೆಯಬೇಕು. ಖಾರ ನಿಮಗೆ ಹೇಳಿಕೊಡಬೇಕೆ?

ನಿಮ್ಮ ಮೈದುನ


ಮಾರ್ಚ್ 26

ಚಿರಂಜೀವಿ ಮೈದುನನಿಗೆ,

ಅಧ್ಯಾಯ ಬರೆದು ಕಳಿಸಿದ್ದೇನೆ. ಇದೊಂದನ್ನು ಮಾತ್ರ ಕೈಯಿಂದ ಮಾಡಿನೋಡದೆ ಬರೆದೆ, ಶಿಕ್ಷೆಯನ್ನು ಮಾಡಿನೋಡುವುದು ಹೇಗೆ? "ಗಿರಾಕಿಯನ್ನು ಗೇಲಿ ಮಾಡುವ ಕೈಗೆ ದಾಖಲೆ ಮುಟ್ಟುವ ಯೋಗ್ಯತೆಯಿಲ್ಲ" ಎಂದು ಶುರುವಾಗುತ್ತದೆ. ಖಾರ ಸಾಕೋ ನೋಡು.

ಎಂಥೆಂಥ ಜನ ಇರುತ್ತಾರೋ ನಿಮ್ಮಲ್ಲಿ. ದಿನವಿಡೀ ತಣ್ಣನೆಯ ಗಾಳಿಯಲ್ಲಿ ಕೂತು ನಾಲ್ಕಕ್ಷರ ಕುಟ್ಟುವ ಕೆಲಸ, ಅದರಲ್ಲೂ ಕೊಬ್ಬು. ಗಿರಾಕಿ ಎಷ್ಟೇ ಹುಚ್ಚನಿರಲಿ, ಬೈಗುಳ ಮನಸ್ಸಿನಲ್ಲಿರಬೇಕು. ಅದನ್ನು ದಾಖಲೆಯಲ್ಲೇ ಬರೆದಿಡಲು ತಲೆಯಲ್ಲಿ ಏನು ತುಂಬಿರಬೇಕು? "ಪಾಪ, ಏನು ಕಷ್ಟ ಇತ್ತೋ" ಎಂದಳು ದರ್ಜಿ. "ಕಷ್ಟ ಇದ್ದೋರು ತೆಪ್ಪಗೆ ಕೆಲಸ ಮಾಡ್ತಾರೆ" ಎಂದೆ. ಅವಳು ಮತ್ತೆ ಸೂಜಿ ಬಾಯಿಗೆ ಹಾಕಿಕೊಂಡಳು.

ಹಳೆಯ ಹೆಸರು ವಾಪಸು ತರುವ ದಾರಿ ಮಾಡಿದೆಯೋ ಇಲ್ಲವೋ? ಅದಿಲ್ಲದೆ ಕೊನೆಯ ಅಧ್ಯಾಯ ಮುಗಿಯುವುದಿಲ್ಲ.

ನಿನ್ನ ಅತ್ತಿಗೆ


ಏಪ್ರಿಲ್ 2

ಪ್ರೀತಿಯ ಅತ್ತಿಗೆಗೆ,

ನಿಮ್ಮ ಶಿಕ್ಷೆಯ ಅಧ್ಯಾಯವನ್ನು ಯಜಮಾನರು ಎಲ್ಲ ಕೌಂಟರಿನವರನ್ನೂ ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಿದರು. ಬಾಕಿ ಸಂಬಳಕ್ಕೆ ಬಂದಿದ್ದ ಅವಳೂ ಅಲ್ಲೇ ನಿಂತು ಕೇಳಿದಳು. ಯಜಮಾನರು ಸಂತೋಷದಲ್ಲಿದ್ದಾರೆ. ಪಾಲುಪತ್ರ ಈ ತಿಂಗಳ ಮೂರನೇ ವಾರ.

ಒಂದು ಸಣ್ಣ ಕೋರಿಕೆ. ಕರಡಿನಲ್ಲೂ ಆ ತಮಾಷೆಯ ಹೆಸರು ಬೇಡ, ಏನಾದರೂ ಸಭ್ಯವಾದುದು ಹಾಕಿ. ಹಳೆಯ ಹಾಳೆಗಳಿದ್ದರೆ ಹರಿದುಬಿಡಿ, ಸುಮ್ಮನೆ ಮನೆಯಲ್ಲಿ ಕಸ. ಜೊತೆಗೆ ನಿಮಗೊಂದು ಪೆನ್ನು ಕಳಿಸಿದ್ದೇನೆ, ಒಳ್ಳೆಯ ಕಂಪನಿಯದು.

ನಿಮ್ಮ ಮೈದುನ


ಏಪ್ರಿಲ್ 5

ಮೈದುನನಿಗೆ,

ನಿನ್ನೆ ನಿಮ್ಮಣ್ಣ ಊಟಕ್ಕೆ ಕೂತವರು ಒಬ್ಬರೇ ನಗತೊಡಗಿದರು. ಏನೆಂದು ಕೇಳಿದೆ. "ಚಿಕ್ಕೋನು ಫೋನ್ ಮಾಡಿದ್ದ. ಅವನ ಅಂಗಡೀಲಿ ಯಾರೋ ಕೌಂಟರ್ ಹೆಂಗಸು ಗಿರಾಕಿ ಹೆಸರು ತೆಗೆದು ಬೆಪ್ಪುತಕ್ಕಡಿ ಅಂತ ಬರೆದಿದ್ದಳಂತೆ. ಆತನಿಗೆ ಸಂದೇಶ ಹೋಯ್ತಂತೆ, ಶ್ರೀಮಾನ್ ಬೆಪ್ಪುತಕ್ಕಡಿ ಅವರೇ ಅಂತ" ಎಂದು ಕೆಮ್ಮು ಬರುವವರೆಗೆ ನಕ್ಕರು. ಯಾವ ಕೌಂಟರು ಎಂದು ಕೇಳಿದೆ. ಮೂರನೆಯದಂತೆ ಎಂದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಅಂದರೆ ಅಭ್ಯಾಸದ ಪ್ರತಿ ಎಂಬುದೇ ಇರಲಿಲ್ಲ. ನೀನು ನನ್ನನ್ನು ನೇರ ಅಂಗಡಿಯ ನಿಜವಾದ ದಾಖಲೆಗೆ ನುಗ್ಗಿಸಿದೆ, ಅದೂ ಒಬ್ಬ ಬಡಪಾಯಿಯ ಹೆಸರಿನಲ್ಲಿ. ನಿನ್ನ ಕಲ್ಪನಾಶಕ್ತಿಯನ್ನು ಹೊಗಳಿದೆನಲ್ಲ, ನನಗೆ ನಾನೇ ಉಗಿದುಕೊಳ್ಳಬೇಕು. ಆ ಸಂಗ್ರಾಹಕ ಮೇಜು ಕುಟ್ಟಿದ ಕ್ಷಣದಲ್ಲೇ ನಿನಗೆ ಎಲ್ಲ ಗೊತ್ತಿತ್ತು. ಬೆಪ್ಪುತಕ್ಕಡಿ ಯಾರ ಕೂಸೆಂದು ನಾನೇ ನಿನಗೆ ಬರೆದಿದ್ದೆ. ಗೊತ್ತಿದ್ದೂ ಅವಳನ್ನು ಹೊರಗೆ ಹಾಕುವಾಗ ಬಾಯಿ ಮುಚ್ಚಿಕೊಂಡು ನಿಂತೆ. ಸಾಲದೆಂದು ಅವಳಿಗೆ ಬೈಯುವ ಅಧ್ಯಾಯವನ್ನು ನನ್ನ ಕೈಯಲ್ಲೇ ಬರೆಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆದ ಕಬ್ಬಿಣವೂ ನಾನೇ.

ನಾಚಿಕೆಯಾಗುವುದಿಲ್ಲವೇನೋ ನಿನಗೆ? ಅದನ್ನೇ ತಮಾಷೆಯೆಂದು ಅಣ್ಣನಿಗೆ ಹೇಳಿ ನಗುತ್ತೀಯಲ್ಲ.

ಪಾಲುಪತ್ರಕ್ಕೆ ರುಜು ಹಾಕುವ ಮೊದಲು ಯಜಮಾನರಿಗೆ ನಿಜ ಹೇಳು. ಅವಳನ್ನು ಕರೆಸಿ, ಅವಳ ಎದುರಿಗೆ ಹೇಳು. ಮಾಡಿದ್ದು ನಾನು, ಮಾಡಿಸಿದ್ದು ನೀನು. ಅವಳಲ್ಲ.

ಅತ್ತಿಗೆ


ಏಪ್ರಿಲ್ 9

ಅತ್ತಿಗೆಯವರಿಗೆ,

ಬಿಸಿಯಲ್ಲಿ ಬರೆದಿದ್ದೀರಿ, ನಾನು ಬಿಸಿಯಾಗುವುದಿಲ್ಲ.

ಅಭ್ಯಾಸದ ಪ್ರತಿ ಮಾಡಲು ವಾರವೇ ಬೇಕಿತ್ತು. ಕೈಪಿಡಿ ಬರೆಯುವವರು ನಿಜವಾಗಿಯೂ ಒಂದೊಂದನ್ನೂ ಒತ್ತುತ್ತಾರೆಂದು ಯಾರು ನಂಬುತ್ತಾರೆ? ಸುಮ್ಮನೆ ನೋಡಿ ಎಂದು ಸ್ಪಷ್ಟವಾಗಿ ಬರೆದಿದ್ದೆ. ಒತ್ತಿ ಎಂದು ಬರೆದಿರಲಿಲ್ಲ. ನನ್ನ ಕಾಗದ ನಿಮ್ಮ ಹತ್ತಿರವೇ ಇದೆ, ತೆಗೆದು ಓದಿ.

ಅವಳ ವಿಷಯಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಕೌಂಟರಿನವಳಿಗೆ ಇನ್ನೊಂದು ಕೌಂಟರು ಸಿಗುತ್ತದೆ, ನನಗೆ ಇನ್ನೊಂದು ಏಪ್ರಿಲ್ ಸಿಗುವುದಿಲ್ಲ. ಈ ಊರಿನ ಕಾರ್ಡಿನ ಅಂಗಡಿಗಳು ಅವಳನ್ನು ಸೇರಿಸಿಕೊಳ್ಳುತ್ತಿಲ್ಲ ಎನ್ನುವುದು ನಿಜ, ಆದರೆ ಬೇರೆ ಅಂಗಡಿಗಳಿಲ್ಲವೆ? ತರಕಾರಿ ತೂಗಲಿ.

ಇನ್ನೊಂದನ್ನೂ ಯೋಚಿಸಿ. ಆ ಮಾತು ಬರೆದದ್ದು ನಿಮ್ಮ ಬೆರಳು. ಹೊರಬಿದ್ದರೆ ನಿಮ್ಮ ಹತ್ತಿರ ಯಾರು ಕೈಪಿಡಿ ಬರೆಸುತ್ತಾರೆ? ನಾನು ನಿಮ್ಮನ್ನು ಕಾಪಾಡುತ್ತಿದ್ದೇನೆ, ನೀವೋ ನನ್ನನ್ನು ಬೈಯುತ್ತೀರಿ. ಅಣ್ಣನಿಗೂ ವಯಸ್ಸಾಗುತ್ತಿದೆ, ಮನೆಯೊಳಗೆ ಒಡಕು ತರಬೇಡಿ. ಕೈಪಿಡಿಯ ಉಳಿದ ಭಾಗ ಹದಿನೈದರೊಳಗೆ ಬರಲಿ. ಬೇರೆ ವಿಷಯ ಬರೆಯುವುದು ಬೇಡ.

ಮೈದುನ


ಏಪ್ರಿಲ್ 12

ಕಾಗದ ತಲುಪಿತು. ಪೆನ್ನು ವಾಪಸು ಕಳಿಸಿದ್ದೇನೆ.


ಏಪ್ರಿಲ್ 18

ಪಾಲುದಾರರಿಗೆ,

ಈ ಕಾಗದಕ್ಕೆ ಅಂಚೆಚೀಟಿಯಿಲ್ಲ. ನಿನ್ನ ಅಂಗಡಿಯಲ್ಲಿ, ನಿನ್ನ ಕುರ್ಚಿಯಲ್ಲಿ ಕೂತು, ನಿನ್ನದೇ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ನೀನು ಪಾಲುಪತ್ರದ ಕೆಲಸಕ್ಕೆ ವಕೀಲರ ಮನೆಗೆ ಹೋಗಿದ್ದೀಯಂತೆ. ಒಳ್ಳೆಯದೇ ಆಯಿತು, ನೀನಿದ್ದಿದ್ದರೆ ನಡುವೆ ಬಾಯಿ ಹಾಕುತ್ತಿದ್ದೆ. ನಿನ್ನ ಕೋಣೆಯ ಗಾಜಿನ ಗೋಡೆಯಿಂದ ಅಂಗಡಿ ಪೂರ್ತಿ ಕಾಣುತ್ತದೆ. ದಿನವೂ ಇಲ್ಲಿಂದಲೇ ಕೌಂಟರಿನ ಹೆಂಗಸರನ್ನು ನೋಡುತ್ತಿದ್ದೆಯಲ್ಲ, ಒಬ್ಬಳ ಮುಖವಾದರೂ ನೆನಪಿದೆಯೆ?

ನಿಮ್ಮಣ್ಣನಿಗೆ ಹೇಳಿಯೇ ಹೊರಟೆ. "ಮನೆ ಒಡೆದುಹೋಗುತ್ತೆ ಕಣೆ" ಎಂದರು. "ಇಷ್ಟಕ್ಕೆ ಒಡೆಯೋ ಮನೆ ಆದ್ರೆ ಒಡೀಲಿ ಬಿಡಿ" ಎಂದೆ. ಬಸ್ಸಿನವರೆಗೆ ನನ್ನ ಚೀಲ ಹಿಡಿದುಕೊಂಡು ಬಂದರು.

ಬೆಳಿಗ್ಗೆ ನಿಮ್ಮ ಯಜಮಾನರ ಎದುರಿಗೆ ಕೂತು ಒಂದನ್ನೂ ಬಿಡದೆ ಹೇಳಿದೆ. ಬೈಸಿಕೊಳ್ಳಲು ಸಿದ್ಧವಾಗಿ ಹೋಗಿದ್ದೆ, ಪೊಲೀಸರನ್ನು ಕರೆಸಿದರೂ ಸರಿಯೆಂದುಕೊಂಡಿದ್ದೆ. ಅವರು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅಯ್ಯೋ ನೀವೇನಮ್ಮ ಅದು? ಆ ಮನುಷ್ಯನಿಗೆ ಹೆಸರು ಸರಿಯಾಗೇ ಇದೆ ಬಿಡಿ" ಎಂದು ಟೀ ತರಿಸಿದರು. ನಿನ್ನ ವಿಷಯಕ್ಕೆ "ನಮ್ಮ ಹುಡುಗನಿಗೆ ಸ್ವಲ್ಪ ಆತುರ, ಹೋಗ್ಲಿ, ಮನೆಯವರೇ ಅಲ್ವಾ" ಎಂದರು. ನಿನ್ನ ಪಾಲಿಗೆ ಒಂದು ಕೂದಲೂ ಕೊಂಕಲಿಲ್ಲ. ಇಷ್ಟಕ್ಕೆ ಹೆದರಿ ನೀನು ಒಬ್ಬಳ ಅನ್ನ ಕಿತ್ತುಕೊಂಡೆ. ಅವಳು ಮಾಡಿದಳೆಂದಾಗ ಅದು ಅಪರಾಧ, ನಾವು ಮಾಡಿದೆವೆಂದಾಗ ತಮಾಷೆ. ಆ ಟೀಯನ್ನು ಪಕ್ಕಕ್ಕೆ ಸರಿಸಿದೆ.

ಆಕೆಯನ್ನು ಕರೆಸಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಬಂದರು. ನಾನು ಯಾರೋ ಕೊಬ್ಬಿದ ಹುಡುಗಿಯೆಂದುಕೊಂಡಿದ್ದೆ. ನನಗಿಂತ ಆರೇಳು ವರ್ಷ ಚಿಕ್ಕವರಿರಬಹುದು, ಮುಂದಲೆ ನರೆತಿದೆ, ಬಿಸಿಲಲ್ಲಿ ನಡೆದೇ ಬಂದಿದ್ದರು. ಯಜಮಾನರು ಎದ್ದೇಳಲೂ ಇಲ್ಲ. "ಎಲ್ಲ ಗೊತ್ತಾಯ್ತು, ನಿಂದೇನೂ ತಪ್ಪಿಲ್ಲ. ನಾಳೆಯಿಂದ ಬಾ" ಎಂದು ಕಾಗದದ ಕಡೆ ತಿರುಗಿದರು. ಆಕೆ ಹೋಗಲಿಲ್ಲ.

"ಕಳಿಸುವಾಗ ಕೆಳಗೆ ಎಲ್ಲರ ಮುಂದೆ ನನ್ನ ಬ್ಯಾಗು ಸುರಿಸಿ ನೋಡಿದ್ರಿ ಸಾರ್. ವಾಪಸ್ ಕರೆಯೋದು ಮಾತ್ರ ಬಾಗಿಲು ಹಾಕ್ಕೊಂಡಾ?"

"ಅದೆಲ್ಲ ಯಾಕೀಗ, ಅಂಗಡಿ ಹೊತ್ತು."

"ಅವತ್ತೂ ಅಂಗಡಿ ಹೊತ್ತೇ ಇತ್ತು."

ಯಜಮಾನರು ಗಡಿಯಾರ ನೋಡಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಆಕೆ ಕೇಳುತ್ತಿದ್ದುದು ಆನೆಯನ್ನಲ್ಲ, ನಾಲ್ಕು ಮಾತು. ಅದಕ್ಕೂ ಆ ಮನುಷ್ಯನ ಹತ್ತಿರ ಪುರುಸೊತ್ತಿರಲಿಲ್ಲ. ನಾನೇ ಎದ್ದು "ನಡೀರಿ ಕೆಳಗೆ" ಎಂದೆ.

ಅಂಗಡಿಯ ನಡುವೆ ನಿಂತೆ. ಕೌಂಟರುಗಳ ಮುಂದೆ ಗಿರಾಕಿಗಳಿದ್ದರು, ಭೂತಗನ್ನಡಿ ಹಿಡಿದು ರಾಕ್ಷಸರ ಮೂಗು ಮೂತಿ ನೋಡುತ್ತಿದ್ದರು. ಸಭೆಯಲ್ಲಿ ಮಾತಾಡಿದವಳಲ್ಲ ನಾನು, ಆದರೂ ದನಿ ಬಂತು. ನಿಮ್ಮ ಹೆಸರುಗಳನ್ನು ಅಳಿಸಿ ಹೊಲಸು ಮಾತು ಬರೆದವಳು ನಾನು ಎಂದೆ. ಅಭ್ಯಾಸದ ಪ್ರತಿಯೆಂದು ನಂಬಿಸಿ ನನ್ನನ್ನು ಒಳಗೆ ಬಿಟ್ಟವನು ನನ್ನ ಮೈದುನ ಎಂದು ನಿನ್ನ ಹೆಸರು ಹೇಳಿದೆ. ಎಲ್ಲ ಗೊತ್ತಿದ್ದೂ ನೀನು ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಇವರಿಗೆ ಇದರಲ್ಲಿ ಏನೂ ಸಂಬಂಧವಿಲ್ಲ ಎಂದು ಆಕೆಯತ್ತ ಕೈ ತೋರಿಸಿದೆ. ಮೂರನೇ ಕೌಂಟರಿನಲ್ಲಿ ಕೂತಿದ್ದ ಹೊಸಬಳು ತಾನಾಗಿಯೇ ಎದ್ದು ಜಾಗ ಬಿಟ್ಟಳು. ಆಕೆ ಹೋಗಿ ಕೂತರು.

ಮೊದಲು ನಾನೇ ಹೋಗಿ ಕೌಂಟರಿನೆದುರು ನಿಂತೆ. ಕ್ಷಮಿಸಿ ಎಂದೆ. ಆ ಶಿಕ್ಷೆಯ ಅಧ್ಯಾಯ ನಾನೇ ಬರೆದದ್ದು ಎಂದೆ. ಮುಖ ನೋಡದೆ ನಿಮ್ಮನ್ನು ಕೊಬ್ಬಿದವಳು ಎಂದು ಕಾಗದದಲ್ಲಿ ಬೈದಿದ್ದೆ ಎಂದೂ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದರು. "ಆಯ್ತು. ಪಕ್ಕಕ್ಕೆ ಬನ್ನಿ, ಹಿಂದಿನೋರು ಬರಲಿ" ಎಂದರು. ಅಷ್ಟೆ, ಒಂದು ನಗುವೂ ಇಲ್ಲ. ನಾನು ಇನ್ನೇನನ್ನೋ ನಿರೀಕ್ಷಿಸಿದ್ದೆ, ನನಗೆ ಸಿಕ್ಕಿದ್ದು ಅದು. ಅಷ್ಟಕ್ಕೇ ನಾನು ಯೋಗ್ಯಳು.

ಹಿಂದಿದ್ದವನು ಆ ಹೆಸರುವಾಸಿ ಸಂಗ್ರಾಹಕ. ಕೈಗೆ ಬಿಳಿ ಗವಸು ಹಾಕಿಕೊಂಡು, ಹಸುಗೂಸನ್ನು ಹಿಡಿದಂತೆ ಒಂದು ಕಾರ್ಡು ಹಿಡಿದಿದ್ದ. ನಾನು ಪಕ್ಕಕ್ಕೆ ಸರಿಯುವಾಗ "ಪರವಾಗಿಲ್ಲ ಬಿಡಿ ಅಮ್ಮ, ಕೆಲಸ ಅಂದ್ಮೇಲೆ ಹೀಗೆಲ್ಲ ಆಗುತ್ತೆ" ಎಂದು ಹಲ್ಲು ಬಿಟ್ಟ. ಇದೇ ಮನುಷ್ಯ ಆವತ್ತು ಆಕೆ ಕೈಮುಗಿದು ನಿಲ್ಲುವವರೆಗೆ ಬಿಟ್ಟಿರಲಿಲ್ಲವಂತೆ, ಪಕ್ಕದ ಕೌಂಟರಿನವರು ಹೇಳಿದರು. ಕಾರ್ಡನ್ನು ಮುಂದೆ ಇಟ್ಟ. ಆಕೆ ಮುಟ್ಟಲಿಲ್ಲ.

"ಮೊದಲು ಕ್ಷಮೆ ಕೇಳಿ. ಕಾರ್ಡು ಆಮೇಲೆ."

ಅವನು ಯಜಮಾನರ ಮುಖ ನೋಡಿದ. ಮೆಟ್ಟಿಲ ಮೇಲೆ ನಿಂತಿದ್ದ ಯಜಮಾನರು ಛಾವಣಿ ನೋಡಿದರು. ಅವನು ಪಕ್ಕದ ಕೌಂಟರಿನತ್ತ ತಿರುಗಿದ. ಅಲ್ಲಿದ್ದವರು ಕೀಬೋರ್ಡಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಅದರಾಚೆಯವರೂ ಹಾಗೇ ಮಾಡಿದರು.

ನಾನು ಇಲ್ಲಿಗೆ ಬಂದು ಕೂತೆ. ಕೈಪಿಡಿ ಮುಗಿದಿದೆ, ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಶಿಕ್ಷೆಯ ಅಧ್ಯಾಯವನ್ನು ಕಿತ್ತುಹಾಕಿದ್ದೇನೆ. ಅದರ ಜಾಗದಲ್ಲಿ, ನಿನ್ನ ತಿದ್ದುಗಾರ ನುಂಗಿದ್ದನ್ನು ಕಕ್ಕುವುದಿಲ್ಲ ಎಂದು ದರ್ಜಿಗೂ ಅರ್ಥವಾಗುವಂತೆ ಬರೆದಿದ್ದೇನೆ. ಇನ್ನು ನಿನ್ನ ಯಾವ ಕೆಲಸಕ್ಕೂ ನನ್ನನ್ನು ಕೇಳಬೇಡ. ಮನೆಗೆ ಬಂದರೆ ಊಟ ಹಾಕುತ್ತೇನೆ, ನಿಮ್ಮಣ್ಣನ ತಮ್ಮ ಎಂದು.

ಇದನ್ನು ಬರೆಯುತ್ತಿರುವಾಗ ಕೆಳಗೆ ಆ ಸಂಗ್ರಾಹಕ ಒಂದು ಗವಸು ಬಿಚ್ಚಿದ್ದಾನೆ. ತಲೆ ತಗ್ಗಿಸಿ ಏನೋ ಹೇಳುತ್ತಿದ್ದಾನೆ, ಗಾಜಿನಿಂದ ನನಗೆ ಕೇಳಿಸುತ್ತಿಲ್ಲ. ಆಕೆಗೂ ಕೇಳಿಸಲಿಲ್ಲವೆಂದು ಕಾಣುತ್ತದೆ. ಕಿವಿಯ ಹತ್ತಿರ ಕೈಯಿಟ್ಟುಕೊಂಡು, ಜೋರಾಗಿ ಹೇಳಿ ಎನ್ನುತ್ತಿದ್ದಾರೆ.

ಅವನ ಹಿಂದೆ ಸಾಲಿನಲ್ಲಿ ಯಾರೂ ಇಲ್ಲ. ಬಂದ ಕೂಡಲೇ ಹೋಗಿ ನಿಂತುಕೋ.

ಅತ್ತಿಗೆ